ಲೋಲಕ್ಕನ ಕಾಲಿನ ಬೆಲೆ

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಗೆ ಬಂದು ಲೋಲಾಕ್ಷಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಲೋಲಕ್ಕ ಎಂದರೆ ಗೇಟಿನ ವಾಚ್‌ಮನ್ ತಲೆ ಎತ್ತದೆ, “ಘರ್ ಪೇ ನಹೀಂ ಹೈ, ಡಿಲಿವರಿ ಮೇ ಗಯೀ ಹೈ” ಎನ್ನುತ್ತಾನೆ. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಅವಳು ಪಾರ್ಸೆಲ್ ಹಂಚುವ ಕಂಪನಿಯಲ್ಲಿದ್ದಾಳೆಂದು ತಿಳಿದು, ತಮಗೆ ತಲುಪದ ಮಿಕ್ಸರಿನ ಬಗ್ಗೆ ವಿಚಾರಿಸಲು ಹೋಗಿದ್ದರು. ಲೋಲಕ್ಕ ಅವರನ್ನು ಕೂರಿಸಿ ಚಹಾ ಕೊಟ್ಟು, “ನನ್ನ ಪಾರ್ಸೆಲ್ ರಾತ್ರಿಯಿಡೀ ಅಳ್ತದೆ, ನಿಮಗೆ ಬೇಡ” ಎಂದು ಕಳಿಸಿದಳಂತೆ.

ಅವಳ ಕೆಲಸ ಬಾಣಂತನ. ಕೆಲಸ ಎಂದು ನಾನು ಬರೆಯುತ್ತೇನೆ, ಅವಳ ಮನೆಯವರು ಯಾರೂ ಹಾಗೆನ್ನುವುದಿಲ್ಲ. “ಲೋಲಕ್ಕ ಹೋಗಿದ್ದಾಳೆ” ಎನ್ನುತ್ತಾರೆ, ಮಳೆ ಬಂದಿದೆ ಎಂದ ಹಾಗೆ. ಕಲ್ಯಾಣದಲ್ಲಿರುವ ಮೈದುನನ ಮಗಳು, ನೆರೂಳಿನ ಅಣ್ಣನ ಸೊಸೆ, ಗಂಡನ ಹಳೆಯ ಧಣಿಯ ಮೊಮ್ಮಗಳು, ಹೀಗೆ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಫೋನು ಬರುವುದು ಎರಡನೆಯ ಮಾಳಿಗೆಯ ಅವಳ ಮನೆಗೆ. ಅವಳು ಎರಡು ಸೀರೆ, ಒಂದು ನೈಟಿ, ಓಮದ ಡಬ್ಬ ಚೀಲಕ್ಕೆ ತುಂಬಿಕೊಂಡು ಲೋಕಲ್ ಹತ್ತುತ್ತಾಳೆ. ತಿಂಗಳು ಒಂದೂವರೆ ಕಳೆದ ಮೇಲೆ ಒಂದು ಸೀರೆ ಹೆಚ್ಚಾಗಿ, ಸೊಂಟ ಒಂದಿಷ್ಟು ಕಮ್ಮಿಯಾಗಿ ವಾಪಸು ಬರುತ್ತಾಳೆ.

“ಬಾಣಂತನದ ಸೀರೆಗೆ ಅಂತ ಒಂದು ಬಣ್ಣ ಉಂಟು ಮಾರಾಯ್ತಿ,” ಎಂದು ಒಮ್ಮೆ ಕಪಾಟು ತೆರೆದು ತೋರಿಸಿದಳು. “ಹಸಿರೂ ಅಲ್ಲ, ಬೂದಿಯೂ ಅಲ್ಲ. ಯಾರೂ ತಗೊಳ್ಳದೆ ಅಂಗಡಿಯಲ್ಲಿ ಉಳಿದ ಬಣ್ಣ. ಎಲ್ಲರಿಗೂ ಅದೇ ಹೇಗೆ ಸಿಗ್ತದೋ ದೇವರಿಗೇ ಗೊತ್ತು. ಇದನ್ನು ಉಟ್ಟು ನಿಂತರೆ ನಾನು ಪೋಸ್ಟಾಫೀಸಿನ ಗೋಡೆ. ಜನ ಬಂದು ನೋಟೀಸು ಅಂಟಿಸದಿದ್ದರೆ ಪುಣ್ಯ.”

ಪಡುಬಿದ್ರಿ ಕಡೆಯ ಹೆಣ್ಣು. ಮದುವೆಯಾಗಿ ಬಂದದ್ದು ಬೂಬಣ್ಣನ ಕೈ ಹಿಡಿದು. ಬೂಬಣ್ಣ ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ, ಈಗ ನಿವೃತ್ತ. ಹೋಟೆಲಿನಲ್ಲಿ ಸಂಬಳಕ್ಕೆ ದೋಸೆ ಹೊಯ್ಯುವ ಕೈ ಮನೆಯ ಕಾವಲಿಯ ಹತ್ತಿರ ಬಂದಾಗ ಮಾತ್ರ ಏಳುತ್ತಿರಲಿಲ್ಲ. ಅವರಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಮೇಲೆ ಅವಳಿಗೆ ಕೆಲಸವೂ ಇಲ್ಲ ಎಂದು ಕುಟುಂಬ ಬಹಳ ಹಿಂದೆಯೇ ತೀರ್ಮಾನಿಸಿತು. ಹಾಗೆ ತೀರ್ಮಾನಿಸಿ ಅವಳ ಕೈಗೆ ಮೊದಲು ಕೊಟ್ಟ ಮಗು ತಂಗಿ ಸುಂದರಿಯ ಮಗ ಜಯೇಶ್. ಮನೆಯೊಳಗೆ ತುಳು, ನನ್ನೊಡನೆ ಕನ್ನಡ, ಬಾಗಿಲಿನಾಚೆ ಹಿಂದಿ ಮರಾಠಿ. ನಾಲ್ಕೂ ಭಾಷೆಯಲ್ಲಿ ಅವಳಿಗೆ ‘ಇಲ್ಲ’ ಎಂಬ ಶಬ್ದ ಗೊತ್ತಿತ್ತು, ಬಳಸಿದ್ದು ಮಾತ್ರ ನಾನು ಕೇಳಿರಲಿಲ್ಲ.

ಅವಳ ವಿದ್ಯೆ ಇರುವುದು ಕಾಲಿನಲ್ಲಿ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ಉದ್ದಕ್ಕೆ ಚಾಚುತ್ತಾಳೆ. ಎಣ್ಣೆ ಹಚ್ಚಿದ ಮಗು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗುತ್ತದೆ. ಹಿಮ್ಮಡಿ ಸ್ವಲ್ಪ ಎತ್ತಿದರೆ ಮಗುವಿನ ತಲೆ ಮೇಲೆ ಬರುತ್ತದೆ, ಇಳಿಸಿದರೆ ನೀರು ಕೆಳಗೆ ಹರಿಯುತ್ತದೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಮಗುವಿನ ಕಣ್ಣಿಗೆ ಮರೆ. ಮೊಣಕಾಲು ಮಡಚುವ ಹಾಗಿಲ್ಲ, ಸೊಂಟ ನೆಟ್ಟಗೆ ಮಾಡುವ ಹಾಗಿಲ್ಲ, ತುರಿಸಿದರೂ ತುರಿಸಿಕೊಳ್ಳುವ ಹಾಗಿಲ್ಲ. ಆಸ್ಪತ್ರೆಯಿಂದ ಬಂದು ನಡುಗುವ ಮಗು ಆ ಕಾಲ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದೊಡನೆ ಸುಮ್ಮನಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಅವಳು ನಲ್ಲಿ ಹಿಡಿದು ಏಳುವುದನ್ನೂ ನೋಡಿದ್ದೇನೆ. ಏಳುವಾಗ ಅವಳು ದೇವರನ್ನು ಕರೆಯುವ ಸ್ವರ ಕೇಳಿದರೆ ದೇವರು ಹೆದರಿ ಬರುವುದಿಲ್ಲ.

ಹೋದ ಚಳಿಗಾಲದಲ್ಲಿ ಠಾಣೆಯ ಘೋಡ್‌ಬಂದರ್ ರಸ್ತೆಯ ಫ್ಲ್ಯಾಟಿನಲ್ಲಿ ಜಯೇಶನ ಹೆಂಡತಿ ರಮಿತಾಳ ಬಯಕೆ ಶಾಸ್ತ್ರ ನಡೆಯಿತು. ಚೊಚ್ಚಲ ಬಸುರಿಗೆ ಹೂ ಮುಡಿಸಿ, ಬಳೆ ತೊಡಿಸಿ, ಬಯಸಿದ್ದನ್ನು ಉಣ್ಣಿಸುವ ದಿನ. ರಮಿತಾಗೆ ತಾಯಿಯಿಲ್ಲ, ಹಾಗಾಗಿ ಹೆರಿಗೆ ಬಾಣಂತನ ಎರಡೂ ಗಂಡನ ಮನೆಯಲ್ಲೇ ಎಂದಾಗಿತ್ತು. ಬಂದ ಹೆಂಗಸರೆಲ್ಲ, “ಬಾಣಂತನಕ್ಕೆ ಯಾರು?” ಎಂದು ಕೇಳುವುದು, ಸುಂದರಿ, “ಅಕ್ಕ ಇದ್ದಾಳಲ್ಲ” ಎನ್ನುವುದು, ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವುದು. ನಾನು ನೆರೆಯವಳೆಂಬ ನೆಲೆಯಲ್ಲಿ ಹೋಗಿದ್ದೆ. ಸ್ತ್ರೀಯರ ದುಡಿಮೆಯ ಬಗ್ಗೆ ಕಥೆ ಬರೆಯುವವಳೆಂದು ಸುಂದರಿ ನನ್ನನ್ನು ಗೌರವದಿಂದ ಸೋಫಾದ ಮೇಲೆ ಕೂರಿಸಿದ್ದಳು. ಕೂತು ಹೋಳಿಗೆ ತಿನ್ನುತ್ತಿದ್ದೆ.

ಊಟವಾದ ಮೇಲೆ ಜಯೇಶ್ ಟಿವಿ ಹಾಕಿದ. ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಆಟ. ಆಟಗಾರನೊಬ್ಬನ ಹೊಸ ಸಂಬಳದ ಸುದ್ದಿ ಕೆಳಗೆ ಓಡುತ್ತಿತ್ತು. ಬೂಬಣ್ಣ ಕನ್ನಡಕ ಸರಿಮಾಡಿಕೊಂಡು ಓದಿದ.

“ಇದು ವರ್ಷಕ್ಕಾ ಜಯೇಶಾ?”

“ವಾರಕ್ಕೆ, ದೊಡ್ಡಪ್ಪ.”

“ಚೆಂಡಿಗೆ ಒದೆಯಲಿಕ್ಕೆ ವಾರಕ್ಕೆ ಕೋಟಿಯಾ? ಹೆಚ್ಚಾಯಿತು ಮಾರಾಯ, ಇದು ಹೆಚ್ಚಾಯಿತು! ಜೀವಮಾನವಿಡೀ ದೋಸೆ ಹೊಯ್ದೆ ನಾನು, ಒಂದು ಹನಿ ಹಿಟ್ಟು ಕಾವಲಿಯ ಹೊರಗೆ ಬೀಳಲಿಲ್ಲ. ಇವ ಈಗ ನೋಡು, ಖಾಲಿ ಗೋಲಿದ್ದರೂ ಆಕಾಶಕ್ಕೆ ಹೊಡೆದ!”

ಜಯೇಶನಿಗೆ ಇದು ಇಷ್ಟದ ವಿಷಯ. ಅವನು ಐರೋಳಿಯ ಕಂಪನಿಯೊಂದರಲ್ಲಿ ಯಾರಿಗೆ ಎಷ್ಟು ಸಂಬಳ ಎಂದು ನಿಗದಿ ಮಾಡುವ ವಿಭಾಗದಲ್ಲಿದ್ದಾನೆ. ಅಲ್ಲಿ ಇಡೀ ದಿನ ಕಡಿಮೆ ಕೊಡುವುದಕ್ಕೆ ಕಾರಣ ಹುಡುಕಿ ಸುಸ್ತಾದವನು ಮನೆಗೆ ಬಂದು ಹೆಚ್ಚು ಕೊಡುವುದಕ್ಕೆ ಕಾರಣ ಕೊಡುತ್ತಾನೆ.

“ದೊಡ್ಡಪ್ಪ, ಲಾಜಿಕ್ ಸಮಝೋ. ಅವನ ಹಾಗೆ ಆಡುವವರು ಎಷ್ಟು ಜನ ಇದ್ದಾರೆ? ಬೆರಳೆಣಿಕೆ. ಅವನು ಬೇಕು ಅನ್ನುವವರು? ಪೂರಾ ದುನಿಯಾ. ಮತ್ತೆ ಅವನದ್ದು ಕಾಲಿನ ಕೆಲಸ. ಮೊಣಕಾಲು ಗಯಾ ತೋ ಕರಿಯರ್ ಖತಮ್. ವಯಸ್ಸಾದ ಮೇಲೆ ಯಾರೂ ಕೇಳುವುದಿಲ್ಲ. ಅದಕ್ಕೇ ಕಾಲು ನಡೆಯುವಾಗಲೇ ಸರಿಯಾಗಿ ಕೊಡಬೇಕು. ಕೆಲವರ ಕಾಲಿಗೆ ಇನ್ಶೂರೆನ್ಸ್ ಇರ್ತದೆ, ಗೊತ್ತಾ?”

“ಕಾಲಿಗಾ?” ಲೋಲಕ್ಕ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು.

“ಹೂಂ ದೊಡ್ಡಮ್ಮ, ಕಾಲಿಗೇ.”

“ಎರಡಕ್ಕೂ?”

“ಎರಡಕ್ಕೂ.”

ಲೋಲಕ್ಕ ತನ್ನ ಕಾಲು ನೋಡಿಕೊಂಡಳು. “ಹಾಗಾದ್ರೆ ನನ್ನದಕ್ಕೆ ಎಷ್ಟಾಗ್ತದೆ? ನೀನೇ ಮಲಗಿದ ಕಾಲು. ನನ್ನ ಹಾಗೆ ಮಾಡುವವರೂ ಬೆರಳೆಣಿಕೆ. ಬೇಕು ಅನ್ನುವವರು ಕಲ್ಯಾಣದಿಂದ ನೆರೂಳಿನವರೆಗೆ. ಮೊಣಕಾಲು ಹೋಗಿ ಆಗಿದೆ.”

ಎಲ್ಲರೂ ನಕ್ಕರು. ಜಯೇಶ್ ಎದ್ದು ಅವಳ ಭುಜ ಬಳಸಿ, “ದೊಡ್ಡಮ್ಮ, ನೀವು ಪ್ರೈಸ್‌ಲೆಸ್” ಎಂದ.

“ಅಂದ್ರೆ?”

“ಬೆಲೆ ಕಟ್ಟಲಿಕ್ಕೆ ಆಗದ್ದು.”

“ಹೌದಾ? ಅದಕ್ಕೇ ಯಾರೂ ಕಟ್ಟಲಿಲ್ಲ,” ಎಂದಳು ಲೋಲಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ನಕ್ಕು, ಉಳಿದ ಪಾತ್ರೆಗೆ ಹೋದಳು.

ಡೊಂಬಿವಲಿಗೆ ಮರಳುವಾಗ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೋಳಿಗೆಯ ಬಲದಿಂದ ನಾನು ಶುರುಮಾಡಿದೆ. ಗಂಡಸರ ಆಟಕ್ಕೆ ಕೋಟಿ, ಹೆಂಗಸರ ದುಡಿಮೆಗೆ ಸೊನ್ನೆ, ಇದು ಅನ್ಯಾಯ, ಫುಟ್ಬಾಲಿನವರ ಸಂಬಳ ಇಳಿಸಲೇಬೇಕು ಎಂದೆ. ಎದುರಿನ ಸೀಟಿನವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

“ಇಳಿಸಿದ್ರೆ ಆ ದುಡ್ಡು ನನಗೆ ಬರ್ತದಾ?” ಎಂದಳು ಲೋಲಕ್ಕ.

“ನಿನಗೆ ಹೇಗೆ ಬರ್ತದೆ?”

“ಮತ್ತೆ ಇಳಿಸಿ ಎಂಥ ಮಾಡುವುದು? ಅವನಾದ್ರೂ ತಿನ್ನಲಿ.”

ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಚರ್ಚೆಯಾದರೂ ನಡೆಯಬೇಕಾದರೆ ಮೊದಲು ಏನಾದರೂ ಸಿಗಬೇಕು, ಸೊನ್ನೆಯನ್ನು ಯಾರೂ ಹೆಚ್ಚಾಯಿತು ಎನ್ನುವುದಿಲ್ಲ ಎಂದು ನನಗೆ ಹೊಳೆದದ್ದು ದಿವಾ ಸ್ಟೇಷನ್ ದಾಟಿದ ಮೇಲೆ. ಹೊಳೆದದ್ದನ್ನು ಯಾವ ಕಥೆಯಲ್ಲಿ ಸೇರಿಸಬಹುದೆಂದು ಯೋಚಿಸುತ್ತಿದ್ದಾಗ ಅವಳು ಮತ್ತೆ ಕೇಳಿದಳು.

“ಅಲ್ಲ, ಅವ ಕೇಳುವುದು ಹೇಗೆ? ಇಷ್ಟು ಕೊಡಿ ಅಂತ ಬಾಯಿಬಿಟ್ಟು ಹೇಳ್ತಾನಾ? ನಾಚಿಕೆ ಆಗುವುದಿಲ್ಲವಾ?”

“ಅವನು ಕೇಳುವುದಿಲ್ಲ. ಅವನಿಗೆ ಏಜೆಂಟ್ ಅಂತ ಒಬ್ಬ ಇರ್ತಾನೆ. ಅವನ ಪರವಾಗಿ ಇವನು ಹೋಗಿ ಜಗಳ ಮಾಡ್ತಾನೆ.”

ಲೋಲಕ್ಕ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದಳು. “ನಿನಗೆ ಮಾತು ಚೆನ್ನಾಗಿ ಬರ್ತದೆ,” ಎಂದಳು.

ಹೀಗೆ ನಾನು ಏಜೆಂಟಾದೆ.

ಅವಕಾಶವೂ ಬೇಗನೇ ಬಂತು. ನನ್ನ ಗೆಳತಿಯೊಬ್ಬಳ ಪರಿಚಯದವರು, ಸೀವುಡ್ಸ್‌ನ ಸ್ಟೇಷನ್ ಹತ್ತಿರದ ಟವರಿನಲ್ಲಿರುವ ಗಂಡಹೆಂಡಿರು, ಹೆರಿಗೆಗೆ ಮೊದಲೇ ಅನುಭವವಿರುವ ಹೆಂಗಸನ್ನು ಹುಡುಕುತ್ತಿದ್ದರು. ಎರಡೂ ಕಡೆಯ ತಾಯಂದಿರು ಉತ್ತರ ಭಾರತದಲ್ಲಿದ್ದರು, ಬರುವ ಸ್ಥಿತಿಯಲ್ಲಿರಲಿಲ್ಲ. ಗಂಡ ಸೂರಜ್ ಫೋನು ಮಾಡುತ್ತಾನೆ ಎಂದಾಯಿತು. ಅವರಿಗೆ ಹೇಳಬೇಕಾದ ಮೊತ್ತವನ್ನು ನಾನೂ ಲೋಲಕ್ಕನೂ ನನ್ನ ಅಡುಗೆಮನೆಯಲ್ಲಿ ಕೂತು ನಿರ್ಧರಿಸಿದೆವು. ಅವಳಿಗೆ ಅದು ಬಹಳವೆನಿಸಿತು, ನನಗೆ ಬಹಳ ಕಡಿಮೆಯೆನಿಸಿತು. ಹಾಗೆನಿಸಿದರೂ ನನ್ನ ಮನಸ್ಸಿನಲ್ಲಿ ಮೊದಲು ಬಂದ ಯೋಚನೆ, ‘ಇವಳು ಹೀಗೆ ರೇಟು ಏರಿಸಿದರೆ ನಾಳೆ ನನ್ನ ಮಗಳ ಬಾಣಂತನಕ್ಕೆ ಯಾರು?’ ಎಂಬುದು. ಏಜೆಂಟಾದವಳು ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ತೊಂದರೆ ಇದ್ದದ್ದು ಬೇರೆಡೆ. ಬಾಣಂತನಕ್ಕೆ ಬೆಲೆ ಹೇಳಬಾರದೆಂದು ಲೋಲಕ್ಕನಿಗೆ ಅವಳ ತಾಯಿ ಕಲಿಸಿದ್ದಳು. ಹೇಳಿದರೆ ಹುಟ್ಟಿದ ಮಗುವಿಗೇ ಬೆಲೆ ಕಟ್ಟಿದ ಹಾಗೆ. ಯಾರಾದರೂ ಕೇಳಿದರೆ, ನಿಮ್ಮ ಸಂತೋಷ ಎನ್ನಬೇಕು, ಅಷ್ಟೇ. “ನೀನು ಬಾಯಿ ಮುಚ್ಚಿಕೊಂಡಿರು, ರೇಟು ನಾನು ಹೇಳ್ತೇನೆ,” ಎಂದು ನಾನು ಭರವಸೆ ಕೊಟ್ಟಿದ್ದೆ.

ಫೋನು ಬಂತು. ಸ್ಪೀಕರಿನಲ್ಲಿ ಹಾಕಿದೆ. ಸೂರಜ್ ಮೃದುವಾಗಿ, “ಆಂಟೀ ಕಿತನಾ ಲೇತೀ ಹೈ?” ಎಂದು ರೇಟು ಕೇಳಿದ.

ಸಭೆ ಸಮ್ಮೇಳನಗಳಲ್ಲಿ ಮೈಕು ಹಿಡಿದು ದುಡಿಮೆಗೆ ಬೆಲೆ ಬೇಕೇಬೇಕು ಎಂದವಳು ನಾನು. ಆ ಬೆಲೆ ಒಂದು ಅಂಕಿಯಾಗಿ ನಾಲಿಗೆಗೆ ಬಂದೊಡನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. “ದೇಖಿಯೇ, ಬಾತ್ ಐಸೀ ಹೈ ಕಿ…” ಎಂದು ತಡವರಿಸುತ್ತಿರುವಾಗ ಲೋಲಕ್ಕನಿಗೆ ನನ್ನ ಮೇಲೆ ಕನಿಕರ ಬಂದು, “ಆಪ್ ಕೀ ಖುಷೀ, ಬೇಟಾ” ಎಂದುಬಿಟ್ಟಳು.

ಆ ಕಡೆಯಿಂದ ಸೂರಜನ ದನಿ ಗಾಬರಿಯಲ್ಲಿ ಬಂತು. “ನಹೀಂ ನಹೀಂ ಆಂಟೀ, ಖುಷೀ ಮತ್ ಬೋಲಿಯೇ. ಪೇಂಟರ್ ನೇ ಭೀ ಯಹೀ ಬೋಲಾ ಥಾ!” ಪೇಂಟರನೂ ನಿಮ್ಮ ಖುಷಿ ಎಂದೇ ಶುರುಮಾಡಿ ಕೊನೆಗೆ ಅವರ ಮನೆಯಲ್ಲಿ ಯುದ್ಧವನ್ನೇ ಮಾಡಿದ್ದನಂತೆ. ಹೆದರಿದ ಸೂರಜ್ ತಾನೇ ಒಂದು ಮೊತ್ತ ಹೇಳಿದ. ಅದು ನಾವು ಅಡುಗೆಮನೆಯಲ್ಲಿ ನಿರ್ಧರಿಸಿದ್ದರ ದುಪ್ಪಟ್ಟಿಗಿಂತ ಹೆಚ್ಚಿತ್ತು. ಲೋಲಕ್ಕ ನನ್ನ ಕೈಯನ್ನು ಬಳೆ ಒಡೆಯುವ ಹಾಗೆ ಒತ್ತಿದಳು. ನನಗೆ ಮಾತೇ ಹೊರಡಲಿಲ್ಲ. ಅವನು ನನ್ನ ಮೌನವನ್ನು ಚೌಕಾಸಿ ಎಂದು ತಿಳಿದು, “ಔರ್ ಹಫ್ತೇ ಮೇ ಏಕ್ ಛುಟ್ಟೀ,” ಎಂದು ವಾರಕ್ಕೊಂದು ರಜೆಯನ್ನೂ ಸೇರಿಸಿದ.

“ಎಂಥ ಏಜೆಂಟು ಮಾರಾಯ್ತಿ ನೀನು!” ಫೋನಿಟ್ಟ ಮೇಲೆ ಲೋಲಕ್ಕ ಹೊಗಳಿದಳು. “ಬಾಯಿಯೇ ಬಿಡದೆ ಇಷ್ಟು ಮಾಡಿದಿ. ಬಿಟ್ಟಿದ್ದರೆ ಹಾಳಾಗುತ್ತಿತ್ತು.”

ಬೂಬಣ್ಣನಿಗೆ ಮೊತ್ತ ಹೇಳಿದಾಗ ಅವನು ಪೇಪರು ಕೆಳಗಿಟ್ಟ. “ಮಗುವಿಗೆ ನೀರು ಹಾಕಲಿಕ್ಕೆ ಇಷ್ಟಾ? ಹೆಚ್ಚಾಯಿತು ಇದು. ಹೆಚ್ಚಾಯಿತು!”

ಲೋಲಕ್ಕ ಕುಣಿದದ್ದೇ ಕುಣಿದದ್ದು. ಮೆಟ್ಟಿಲಿಳಿದು ನನ್ನ ಬಾಗಿಲಿಗೇ ಬಂದು, “ಕೇಳಿದಿಯಾ? ಇವರು ನನ್ನದೂ ಹೆಚ್ಚಾಯಿತು ಅಂದರು. ಆ ಇಂಗ್ಲೆಂಡಿನವನೂ ನಾನೂ ಈಗ ಒಂದೇ ಸಾಲಿನವರು!” ಎಂದಳು.

ಕುಣಿತ ನಿಂತದ್ದು ಎರಡೂ ಮನೆಯ ಹೆರಿಗೆಯ ತಾರೀಕು ಒಂದೇ ವಾರದಲ್ಲಿ ಬೀಳುತ್ತದೆ ಎಂದು ತಿಳಿದಾಗ. ಸುಂದರಿಯ ಫೋನು ಬಂತು. ಯಾವಾಗಲೂ ಬರುವ ಹಾಗೆಯೇ, ಪ್ರಶ್ನೆಯಿಲ್ಲದೆ. “ಅಕ್ಕ, ಮುಂದಿನ ವಾರವೇ ಚೀಲ ತಂದಿಟ್ಟುಬಿಡು. ರಮಿತಾಗೆ ಯಾವಾಗ ನೋವು ಬರ್ತದೋ ಹೇಳಲಿಕ್ಕಾಗುವುದಿಲ್ಲ.”

“ನನಗೆ ಆಗ ಬೇರೆ ಕಡೆ ಕೆಲಸ ಉಂಟು ಸುಂದರಿ.”

“ಎಂಥ ಕೆಲಸ? ನಿನಗೆ ಎಂಥ ಕೆಲಸ?”

ಲೋಲಕ್ಕ ಹೇಳಿದಳು. ಆ ಕಡೆಯಿಂದ ಬಂದ ಮಾತು ಸ್ಪೀಕರ್ ಇಲ್ಲದೆಯೂ ನನಗೆ ಕೇಳಿಸಿತು. “ದುಡ್ಡಿಗೆ ಊರವರ ಮಗು ತೊಳೀಲಿಕ್ಕೆ ಹೋಗ್ತೀಯಾ? ಇಲ್ಲಿ ಸ್ವಂತ ಮೊಮ್ಮಗುವಿಗೆ ನಿನ್ನ ಕೈಯಿಲ್ಲವಾ? ಅಮ್ಮ ಇದ್ದಿದ್ದರೆ ನಿನ್ನ ಮುಖಕ್ಕೆ ಉಗಿಯುತ್ತಿದ್ದಳು. ನಮ್ಮವರಿಗೆ ನಾನು ಎಂಥ ಹೇಳಲಿ? ನಮ್ಮ ಅಕ್ಕ ಮನೆಗೆಲಸದ ಹೆಂಗಸಾದಳು ಅಂತ ಹೇಳಲಾ?” ಫೋನು ಕಟ್ಟಾಯಿತು. ಒಡಹುಟ್ಟಿದವರಲ್ಲಿ ಅವಳಿಗೆ ಮಾತಿಗೆ ಉಳಿದವಳು ಈ ತಂಗಿಯೊಬ್ಬಳೇ. ನೆರೂಳಿನ ಅಣ್ಣ ಮಾತಾಡುವವನಲ್ಲ, ಬಾಣಂತನವಿದ್ದಾಗ ಮಾತ್ರ ಅವನಿಗೆ ನಾಲಿಗೆ ಬರುತ್ತದೆ.

ಆ ಭಾನುವಾರ ಜಯೇಶ್ ಸ್ವತಃ ಡೊಂಬಿವಲಿಗೆ ಬಂದ. ನಾನೂ ಅಲ್ಲೇ ಇದ್ದೆ. ಏಜೆಂಟಿಲ್ಲದೆ ಮಾತುಕತೆಗೆ ಕೂರುವುದಿಲ್ಲವೆಂದು ಲೋಲಕ್ಕ ಹಠ ಹಿಡಿದಿದ್ದಳು. ಜಯೇಶ್ ಬಿಸ್ಕತ್ತು ಮುಟ್ಟಲಿಲ್ಲ.

“ದೊಡ್ಡಮ್ಮ, ಸೀಧಾ ಬಾತ್. ಸೀವುಡ್ಸ್‌ನವರು ಎಷ್ಟು ಕೊಡ್ತಾರೋ ಅಷ್ಟು ನಾನೂ ಕೊಡ್ತೇನೆ. ಮ್ಯಾಚ್ ಮಾಡ್ತೇನೆ. ನಮ್ಮ ಕಂಪನಿಯಲ್ಲೂ ಹಾಗೆಯೇ, ಒಳ್ಳೆಯವರು ಬಿಟ್ಟು ಹೋಗ್ತೇನೆ ಅಂದಾಗ ಕೊಡ್ತೇವೆ.”

“ಬಿಟ್ಟು ಹೋಗ್ತೇನೆ ಅಂದ ಮೇಲೆಯಾ?”

“ಹೌದು.”

“ಬಯಕೆಯ ದಿನ ನಾನು ಕೇಳಿದ್ದೆನಲ್ಲ.”

“ಅದು… ನೀವು ಜೋಕ್ ಮಾಡಿದಿರಿ ಅಂದುಕೊಂಡೆ.”

“ನಾನೂ ಹಾಗೇ ಅಂದುಕೊಂಡೆ,” ಎಂದಳು ಲೋಲಕ್ಕ. ನಗಲಿಲ್ಲ. “ನೋಡು ಮಗಾ, ನಿನ್ನ ಹತ್ತಿರ ದುಡ್ಡು ತಗೊಂಡ್ರೂ ನಾನು ಅಷ್ಟಕ್ಕೇ ನಿಲ್ಲುವವಳಲ್ಲ. ಮಗುವಿನ ಕೆಲಸ ಮುಗೀತು ಅಂತ ಕೂರ್ತೇನಾ? ನಿನ್ನ ಅಮ್ಮನ ಮೀನು ತೊಳೀತೇನೆ, ನಿನ್ನ ಟಿಫಿನ್ ಕಟ್ತೇನೆ, ಬಂದ ನೆಂಟರಿಗೆ ಚಹಾ ಮಾಡ್ತೇನೆ. ಯಾರೂ ಹೇಳಬೇಕು ಅಂತ ಇಲ್ಲ, ನಾನೇ ಮಾಡ್ತೇನೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಅಲ್ಲಾದ್ರೆ ತಾಯಿ, ಮಗು, ಎರಡೇ. ಒಂದು ಸಲವಾದ್ರೂ ಬರೀ ಅಷ್ಟೇ ಮಾಡಿ ನೋಡಬೇಕು ಅಂತ ಆಸೆ.”

ಜಯೇಶ್ ನನ್ನ ಕಡೆ ನೋಡಿದ. ನಾನು ಬಿಸ್ಕತ್ತು ತಿನ್ನುತ್ತಿದ್ದೆ. ಏಜೆಂಟಾಗಿ ನಾನು ಮಾಡಿದ ಎರಡನೆಯ ಕೆಲಸವೂ ಮೌನವೇ.

ಹೀಗೆ, ಮಗು ಹುಟ್ಟಿದ ಸುದ್ದಿ ಬಂದೊಡನೆ, ಲೋಲಕ್ಕ ಸೀವುಡ್ಸ್‌ಗೆ ಹೋದಳು. ದಿನಾ ಸಂಜೆ ನನಗೆ ಫೋನು. ಬರೀ ತಾಯಿ ಮಗು ನೋಡಬೇಕೆಂಬ ಆಸೆ ಮೊದಲ ದಿನವೇ ನೆಲಕಚ್ಚಿತ್ತು. ಮಗು ಮಲಗಿದೊಡನೆ ಅವಳ ಕೈ ತಾನಾಗಿ ಸಿಂಕಿನ ಕಡೆ ಹೋಗಿ ಅಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟಿತು. ಆಮೇಲೆ ಪಾತ್ರೆ ಕೆಲಸದ ಚಂದವ್ವ ಬಂದಳು. ರಾಯಚೂರಿನ ಕಡೆಯವಳು, ಇವಳು ಕನ್ನಡದವಳೆಂದು ತಿಳಿದದ್ದೇ ತಡ, ಸೊಂಟಕ್ಕೆ ಕೈಯಿಟ್ಟಳು.

“ಯವ್ವಾ, ಬಂದ ದಿನಾನ ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿತಿ? ಇಲ್ಲಿ ಭಾಂಡಿ ನನ್ನವು. ನಾಳಿಗೆ ಮೇಡಮ್ಮ ‘ಆಂಟೀನ ಎಲ್ಲಾ ತಿಕ್ಕತಾಳ, ನೀ ಯಾಕ ಬೇಕವ್ವಾ’ ಅಂದ್ರ ನಾ ಎಲ್ಲಿಗಿ ಹೋಗ್ಲಿ? ನಿನಗ ಪುಕ್ಕಟ ಮಾಡೋ ಚಟ ಐತೇನು?”

“ಚಟವೇ ಮಾರಾಯ್ತಿ,” ಎಂದು ಲೋಲಕ್ಕ ಒಪ್ಪಿಕೊಂಡಳಂತೆ. ಅಂದಿನಿಂದ ಚಂದವ್ವ ಬರುವ ಹೊತ್ತಿಗೆ ಇವಳು ಅಡುಗೆಮನೆಯಿಂದ ದೂರ, ಬಾಲ್ಕನಿಯಲ್ಲಿ, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿ ಕೂರತೊಡಗಿದಳು. “ಮಗುವಿಗೆ ಬಟ್ಟೆ ಸುತ್ತಿದ ಹಾಗೆ ನನ್ನ ಕೈಗೆ ನಾನೇ ಸುತ್ತಿಕೊಳ್ತೇನೆ. ಬಿಚ್ಚಿದ್ರೆ ಓಡಿಹೋಗ್ತದೆ.”

ಇತ್ತ ರಮಿತಾಗೆ ಹೆಣ್ಣು ಮಗುವಾಯಿತು. ಸುದ್ದಿ ಕೊಟ್ಟದ್ದು ಜಯೇಶ್, ಸುಂದರಿ ಅಲ್ಲ. ಲೋಲಕ್ಕ ತಂಗಿಗೆ ಮೂರು ಸಲ ಫೋನು ಮಾಡಿದಳು, ಎತ್ತಲಿಲ್ಲ. ಆಮೇಲಿನ ಸಂಜೆಗಳಲ್ಲಿ ಅವಳ ಫೋನಿನಲ್ಲಿ ಜೋಕು ಕಮ್ಮಿಯಾಯಿತು. “ಸಂಬಳ ಸರಿಯಾಗಿ ಬರ್ತಾ ಉಂಟು. ಊಟ ಸರಿಯಾಗಿ ಸೇರ್ತಾ ಇಲ್ಲ,” ಎಂದಳು ಒಂದು ದಿನ. “ನಾಡಿದ್ದು ರಜೆ. ನೀನೂ ಠಾಣೆಗೆ ಬಾ. ಅವಳು ಬಾಗಿಲು ಹಾಕಿದ್ರೆ ಹೊರಗೆ ನಿಲ್ಲಲಿಕ್ಕೆ ಜೊತೆ ಬೇಕು.”

ಸೀವುಡ್ಸ್‌ನಿಂದ ಅವಳು, ಡೊಂಬಿವಲಿಯಿಂದ ನಾನು ಬಂದು ಠಾಣೆ ಸ್ಟೇಷನ್ನಿನಲ್ಲಿ ಸೇರಿದೆವು. ಸುಂದರಿ ಬಾಗಿಲು ತೆರೆದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಾಗಿಲನ್ನು ಹಾಗೇ ಬಿಟ್ಟು ಒಳಗೆ ನಡೆದಳು. ಬಚ್ಚಲಿನಿಂದ ಮಗುವಿನ ಕಿರುಚಾಟ, ಅದಕ್ಕಿಂತ ದೊಡ್ಡದಾಗಿ ಜಯೇಶನ ಕಿರುಚಾಟ.

ಹೋಗಿ ನೋಡಿದರೆ ಅಪ್ಪನೇ ಮಣೆಯ ಮೇಲೆ ಕೂತು, ಚಡ್ಡಿಯಲ್ಲಿ, ಕೂದಲು ತುಂಬಿದ ಕಾಲನ್ನು ಚಾಚಿದ್ದಾನೆ. ಮೇಲೆ ಎಣ್ಣೆ ಹಚ್ಚಿದ ಮಗು. ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ರಮಿತಾ ಟವೆಲ್ ಹಿಡಿದಿದ್ದಾಳೆ.

“ಬನ್ನಿ ದೊಡ್ಡಮ್ಮ,” ಎಂದಳು ರಮಿತಾ. “ಅತ್ತೆಗೆ ಸೊಂಟ ಬಗ್ಗುವುದಿಲ್ಲ, ನನ್ನದು ಹೊಲಿಗೆ ಆರಿಲ್ಲ. ಇವರಿಗೆ ಆಫೀಸಿನ ರಜೆ ಉಂಟಲ್ಲ.”

“ದೊಡ್ಡಮ್ಮ, ಕಾಲು ಜೋಮು ಹಿಡಿದಿದೆ! ಮಡಚಲಾ? ಮಡಚಿದ್ರೆ ಬೀಳ್ತದಾ?”

ಲೋಲಕ್ಕ ಆಗಲೇ ಸೀರೆ ಮೇಲಕ್ಕೆ ಸಿಕ್ಕಿಸಿಯಾಗಿತ್ತು. ರಮಿತಾ ಕೈ ಅಡ್ಡ ಹಿಡಿದಳು. “ಬೇಡ. ವಾರದಲ್ಲಿ ಒಂದು ದಿನ ನಿಮಗೆ ರಜೆ. ಅದನ್ನೂ ನಾವು ತಿನ್ನುವುದು ಬೇಡ. ಹೇಳಿಕೊಡಿ, ಇವರು ಮಾಡ್ಲಿ.”

ಲೋಲಕ್ಕ ಎರಡು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅದು ಒಂದು ಶಿಕ್ಷೆ. “ಹಿಮ್ಮಡಿ ಎತ್ತು! ಬಲದ್ದಲ್ಲ, ಎರಡೂ! ಕತ್ತು, ಕತ್ತು! ಅಯ್ಯೋ ಕಣ್ಣಿಗೆ ಹೋಯ್ತು ಸೋಪು, ಕೈ ಎಲ್ಲಿಟ್ಟಿದ್ದಿ, ಮೀನು ಹಿಡೀತಾ ಇದ್ದೀಯಾ?” ಕೊನೆಗೆ ಮಗುವನ್ನು ಹೊಟ್ಟೆ ಅಡಿಯಾಗಿ ತಿರುಗಿಸಿದಾಗ ಅದು ಸುಮ್ಮನಾಯಿತು. ಜಯೇಶ್ ಬೆವರು, ನೀರು, ಎಣ್ಣೆಯಲ್ಲಿ ಹೊಳೆಯುತ್ತ ತಲೆ ಎತ್ತಿ, “ಇದನ್ನು ನೀವು ದಿನಾ ಹೇಗೆ ಮಾಡ್ತೀರಿ?” ಎಂದು ಕೇಳಿದ. ಉತ್ತರಕ್ಕೆ ಕಾಯದೆ, “ಯಾರಾದ್ರೂ ಎಬ್ಬಿಸಿ” ಎಂದ. ನಾನೂ ರಮಿತಾಳೂ ಆಚೆಯೀಚೆ ಹಿಡಿದು ಎಬ್ಬಿಸಿದೆವು.

ಲೋಲಕ್ಕ ಮಗುವನ್ನು ಬಟ್ಟೆಯಲ್ಲಿ ಸುತ್ತಿದ್ದೊಂದೇ. ಅಷ್ಟಕ್ಕೆ ರಮಿತಾ ಬಿಟ್ಟಳು. ಹಾಲ್‌ನಲ್ಲಿ ಕೂತಾಗ ಸುಂದರಿ ಗೋಡೆ ನೋಡುತ್ತ ಕೇಳಿದಳು.

“ಸೀವುಡ್ಸ್‌ನ ಮಗು ಹೇಗುಂಟು?”

“ಉಂಟು. ಇದರಷ್ಟು ಗಟ್ಟಿ ಇಲ್ಲ.”

ಸುಂದರಿಯ ಮುಖ ಒಂದು ಚೂರು ಸಡಿಲವಾಯಿತು. ಮಧ್ಯಾಹ್ನವಾಗಿತ್ತು. ಲೋಲಕ್ಕ ಅಭ್ಯಾಸಬಲದಿಂದ ಎದ್ದು ಅಡುಗೆಮನೆಗೆ ಹೊರಟಳು. ಸುಂದರಿ ದಾರಿಗೆ ಅಡ್ಡ ನಿಂತಳು.

“ಕೂತ್ಕೋ. ಈಗ ನೀನು ದೊಡ್ಡ ಸಂಬಳದವಳು. ನೆಂಟಳ ಹಾಗೆ ಬಂದಿದ್ದಿ, ನೆಂಟಳ ಹಾಗೆ ಕೂತ್ಕೋ.”

ಚುಚ್ಚಲೆಂದೇ ಹೇಳಿದ್ದು, ಚುಚ್ಚಿತು ಕೂಡ. ಆದರೆ ಈ ಮನೆಯಲ್ಲಿ ಅವಳಿಗೆ ಕೂತ್ಕೋ ಎಂದು ಯಾರಾದರೂ ಹೇಳಿದ್ದೂ ಅದೇ ಮೊದಲು. ಲೋಲಕ್ಕನಿಗೆ ಅಳಬೇಕೋ ಕೂರಬೇಕೋ ಗೊತ್ತಾಗದೆ, ಕೂತಳು. ಸೋಫಾದ ತುದಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು, ದಂತವೈದ್ಯರ ಹತ್ತಿರ ಸರದಿಗೆ ಕಾಯುವವರ ಹಾಗೆ.

ಸುಂದರಿ ಊಟದ ಮೇಜಿನ ಮೇಲೆ ಬಡಿಸಿದಳು. ತಟ್ಟೆ ಇಡುವಾಗ ಸದ್ದು ಮಾಡಿದಳು. ಅಕ್ಕ ಅರ್ಧ ಉಂಡ ಮೇಲೆ ಮೀನಿನ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತ, “ಕಲ್ಯಾಣದಿಂದ ಫೋನು ಬಂದಿತ್ತು,” ಎಂದಳು. “ನಿನ್ನ ಮೈದುನನ ಮನೆಯವರು. ಅವರ ಸಣ್ಣ ಸೊಸೆಗೆ ಮಳೆಗಾಲದಲ್ಲಿ ಹೆರಿಗೆಯಂತೆ.”

“ನಿನಗ್ಯಾಕೆ ಮಾಡಿದ್ರು?”

“ನಿನ್ನನ್ನು ಕಳಿಸು ಅಂತ. ನಿನಗೆ ಮಾಡುವ ಮೊದಲು ಯಾವಾಗಲೂ ನನಗೇ ಮಾಡ್ತಾರೆ, ನಿನ್ನ ಪರವಾಗಿ ಹೂಂ ಅನ್ನುವುದು ನಾನೇ ಅಲ್ಲವಾ.”

“ನೀನು ಎಂಥ ಹೇಳಿದಿ?”

“ಎಂಥ ಹೇಳುವುದು? ಅವಳಿಗೆ ಬಿಡುವುಂಟೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳನ್ನೇ ಕೇಳಿ ಅಂದೆ.” ಸೌಟು ಇನ್ನೂ ತಿರುಗುತ್ತಿತ್ತು. “ಪುಕ್ಕಟೆ ಬರುವುದಿಲ್ಲ ಅಂತಲೂ ಹೇಳಿದೆ. ಅವರಿಗೆ ಸಿಟ್ಟು ಬಂತು. ಬರಲಿ.”

ಲೋಲಕ್ಕ ಏನೋ ಹೇಳಲು ಬಾಯಿ ತೆರೆದಳು. ನಮ್ಮವರಲ್ಲವಾ ಪಾಪ ಎಂದೇ ಹೇಳುವವಳಿದ್ದಳು, ನನಗೆ ಅವಳ ತುಟಿ ಗೊತ್ತು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ನಾನು ಏಜೆಂಟಾಗಿ ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು.

“ಕೇಳಲಿ,” ಎಂದಳು ಲೋಲಕ್ಕ. “ಕೇಳಿದ ಮೇಲೆ ನೋಡುವ.”

ಸುಂದರಿ ಸೌಟು ಎತ್ತಿ ಅಂಜಲ್ ಮೀನಿನ ನಡುವಿನ ತುಂಡನ್ನು ಅಕ್ಕನ ತಟ್ಟೆಗೆ ಹಾಕಿದಳು. ನನಗೆ ಬಾಲ ಬಂತು.